ಕ್ರಮಸಂಖ್ಯೆ ಅರವತ್ತನಾಲ್ಕು

1994ರ ಮಾರ್ಚ್ 8, ಮಂಗಳವಾರ, ಬೆಳಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ಅವಳು ಒಂದು ಸ್ಟೂಲನ್ನು ತಲೆಕೆಳಗು ಮಾಡಿ ಅದರ ಕಾಲುಗಳನ್ನು ಅಳೆಯುತ್ತಿದ್ದಳು. ಮೂರು ಕಾಲು. ಎರಡು ಒಂದೇ ಉದ್ದ, ಮೂರನೆಯದು ಆರು ಮಿಲಿಮೀಟರ್ ಗಿಡ್ಡ. ಆ ಕೊರತೆ ತುಂಬಲು ಯಾರೋ ಅದರ ತುದಿಗೆ ಹಸಿರು ರಬ್ಬರಿನ ತುಂಡೊಂದನ್ನು ಮೊಳೆ ಹೊಡೆದು ಕೂರಿಸಿದ್ದರು. ಅವಳು ರಬ್ಬರನ್ನು ಉಗುರಿನಿಂದ ಒತ್ತಿ ನೋಡಿದಳು, ಮೂಸಿ ನೋಡಿದಳು, ಬರೆದುಕೊಂಡಳು. ‘ಕ್ರಮಸಂಖ್ಯೆ 64. ಮುಕ್ಕಾಲಿ ಪೀಠ, ಗಟ್ಟಿಮರ, ಕೈಕೆಲಸ. ಎತ್ತರ 38 ಸೆಂ.ಮೀ. ಆಸನದ ನಡುವೆ ದೀರ್ಘಕಾಲದ ಬಳಕೆಯಿಂದಾದ ತಗ್ಗು. ದುರಸ್ತಿ ಹಳೆಯದು, ಅಚ್ಚುಕಟ್ಟು.’

ಮನೆ ಕನ್ನಡಕದ ಅಂಗಡಿಯೊಂದರ ಮಾಲೀಕರದು. ಅವರು ತೀರಿಕೊಂಡು ಎರಡು ತಿಂಗಳಾಗಿತ್ತು. ಮಗಳು ಮತ್ತು ಮಗ ಸಾಮಾನು ಹಂಚಿಕೊಳ್ಳಬೇಕು. ಹಂಚಿಕೊಳ್ಳುವ ಮುನ್ನ ಇಬ್ಬರಿಗೂ ಸಂಬಂಧವಿಲ್ಲದ ಯಾರಾದರೂ ಬಂದು ಮನೆಯಲ್ಲಿರುವ ಪ್ರತಿಯೊಂದಕ್ಕೂ ಬೆಲೆ ಕಟ್ಟಿ ಪಟ್ಟಿ ಮಾಡಬೇಕು. ಅಂಥ ಕೆಲಸ ಮಾಡುವ ಕಚೇರಿಯೊಂದಕ್ಕೆ ಅವಳು ಸೇರಿ ಐದು ತಿಂಗಳಾಗಿತ್ತು. ಓದಿದ್ದು ರಸಾಯನಶಾಸ್ತ್ರ. ಆದ್ದರಿಂದ ಕಚೇರಿಯ ಯಜಮಾನರು ಅವಳನ್ನು ಮೊದಲ ದಿನದಿಂದಲೇ ‘ಕೆಮಿಸ್ಟ್ರಿ’ ಎಂದು ಕರೆದರು. ಆ ಹೆಸರು ಆಮೇಲೆ ಬದಲಾಗಲಿಲ್ಲ.

ಒಂದು ವಿಷಯವನ್ನು ಈಗಲೇ ಹೇಳಿಬಿಡುವುದು ಒಳ್ಳೆಯದು. ಆ ಸ್ಟೂಲು ಕನ್ನಡಕದ ಅಂಗಡಿಯವರದಲ್ಲ. ಅದು ಯಜಮಾನರದು.

ಈ ವೃತ್ತಿಯಲ್ಲಿರುವವರು ಬೆಲೆ ಕಟ್ಟಲು ಹೋದ ಮನೆಯ ಕುರ್ಚಿಯ ಮೇಲೆ ಕೂರುವುದಿಲ್ಲ. ಎಲ್ಲೂ ಬರೆದಿಟ್ಟ ನಿಯಮವಲ್ಲ. ಆದರೆ ಯಜಮಾನರು ಅದನ್ನು ಬರೆದಿಟ್ಟ ನಿಯಮಗಳಿಗಿಂತ ಕಟ್ಟುನಿಟ್ಟಾಗಿ ಪಾಲಿಸುತ್ತಿದ್ದರು.

“ಕೂತ ಕುರ್ಚಿಗೆ ಬೆಲೆ ಕಟ್ಟಬಾರದು ಕೆಮಿಸ್ಟ್ರಿ,” ಎಂದು ಅವಳಿಗೆ ಮೊದಲ ವಾರವೇ ಹೇಳಿದ್ದರು. “ಬೆನ್ನಿಗೆ ಹಿತ ಅನ್ನಿಸಿದ್ರೆ ಜಾಸ್ತಿ ಬರೀತೀವಿ, ಚುಚ್ಚಿದ್ರೆ ಕಡಿಮೆ ಬರೀತೀವಿ. ಲೈಸೆನ್ಸ್ ಇರೋದು ನಮಗೆ, ನಮ್ಮ ಬೆನ್ನಿಗಲ್ಲ.”

ಆದರೆ ಯಜಮಾನರಿಗೆ ಅರವತ್ತಮೂರು ವರ್ಷ, ಮೊಣಕಾಲುಗಳಿಗೆ ಅದಕ್ಕಿಂತ ಹೆಚ್ಚು. ಹಾಗಾಗಿ ಅವರು ಖಾಕಿ ಚೀಲದಲ್ಲಿ ತಮ್ಮದೇ ಒಂದು ಸ್ಟೂಲನ್ನು ಹೊತ್ತು ತಿರುಗುತ್ತಿದ್ದರು. ಮನೆಯೊಳಗೆ ಹೋದ ಕೂಡಲೇ ಚೀಲದಿಂದ ತೆಗೆದು ಕೂತುಬಿಡುತ್ತಿದ್ದರು. ಅವರ ಉದ್ದ ಕೋಟು ಸುತ್ತಲೂ ಇಳಿಬಿದ್ದು ಸ್ಟೂಲನ್ನು ಪೂರ್ತಿ ಮುಚ್ಚುತ್ತಿತ್ತು. ಐದು ತಿಂಗಳಲ್ಲಿ ಅವಳು ಕಂಡಿದ್ದು ಒಂದೋ ಖಾಕಿ ಚೀಲ, ಇಲ್ಲವೇ ನೆಲದಿಂದ ಸ್ವಲ್ಪ ಮೇಲೆ ಆಧಾರವಿಲ್ಲದೆ ಕೂತಂತೆ ಕಾಣುವ ಯಜಮಾನರು. ನಡುವೆ ಇದ್ದ ಸ್ಟೂಲನ್ನು ಕಂಡಿರಲಿಲ್ಲ.

ಸೋಮವಾರ ಇಬ್ಬರೂ ಆ ಮನೆಗೆ ಮೊದಲ ಸುತ್ತಿಗೆ ಹೋಗಿದ್ದರು. ಯಜಮಾನರು ಓಣಿಯಂಥ ನಡುಮನೆಯಲ್ಲಿ, ಪುಸ್ತಕದ ಕಪಾಟಿನ ಪಕ್ಕ ಕೂತು ಕೆಲಸ ಹೇಗೆ ಮಾಡಬೇಕೆಂದು ವಿವರಿಸಿದರು. ಅಷ್ಟರಲ್ಲಿ ಆ ಮನೆಯ ಮಗಳು ಅಡುಗೆಮನೆಯಿಂದ ಚಹಾಕ್ಕೆ ಕರೆದರು. ಅವಳು ಮೊದಲೇ ಒಳಗೆ ಹೋದಳು. ಯಜಮಾನರು ಆಮೇಲೆ ಎದ್ದು ಹೋಗಿ ನಿಂತೇ ಚಹಾ ಕುಡಿದರು, ಹಿತ್ತಲ ಬಾಗಿಲಿನಿಂದ ಹೊರಬಿದ್ದರು, ಖಾಲಿ ಚೀಲವನ್ನು ಹೆಗಲಿಗೆ ಹಾಕಿಕೊಂಡು ಬಸ್ಸು ಹತ್ತಿದರು. ಸ್ಟೂಲು ಕಪಾಟಿನ ಪಕ್ಕದಲ್ಲೇ ಉಳಿಯಿತು. ಮರುದಿನ ಅವಳೊಬ್ಬಳೇ ಬಂದಾಗ ಅದು ಆ ಮನೆಯಲ್ಲೇ ಹುಟ್ಟಿ ಬೆಳೆದಂತೆ ಕೂತಿತ್ತು.

ಇದು ಅವಳ ಮೊದಲ ಸ್ವತಂತ್ರ ಪಟ್ಟಿ. ಇದಕ್ಕೆ ಇಬ್ಬರು ವಾರಸುದಾರರೂ ಒಪ್ಪಿ ಸಹಿ ಹಾಕಿದರೆ ಮುಂದಿನ ಬುಧವಾರ ಸಭೆ ಸೇರುವ ವೃತ್ತಿ ಮಂಡಳಿ ಅವಳ ಹೆಸರನ್ನು ನೋಂದಾಯಿಸುತ್ತಿತ್ತು. ಹಾಕದಿದ್ದರೆ ಇಲ್ಲ. ಮಂಡಳಿ ಸೇರುವುದು ವರ್ಷಕ್ಕೊಮ್ಮೆ. ಅಷ್ಟು ದಿನ ಕಾಯಲು ಅವಳ ಮನೆಯಲ್ಲಿ ಯಾರೂ ಸಿದ್ಧರಿರಲಿಲ್ಲ. ಚಿಕ್ಕಪ್ಪ ತಮ್ಮ ಔಷಧಿ ಗೋದಾಮಿನಲ್ಲಿ ಅವಳಿಗೆಂದೇ ಒಂದು ಕುರ್ಚಿ ಹಾಕಿಸಿಟ್ಟಿದ್ದರು. ಬಾಟಲಿಗೆ ಅಂಟಿಸಿದ ಚೀಟಿ ನೇರವಾಗಿದೆಯೇ ಎಂದು ನೋಡುವ ಕೆಲಸ. ಈ ಸಲ ನೋಂದಣಿಯಾಗದಿದ್ದರೆ ಮುಂದಿನ ತಿಂಗಳಿಂದ ಅಲ್ಲಿಗೆ ಹೋಗುವುದೆಂದು ಅವಳು ಅಮ್ಮನಿಗೆ ಮಾತು ಕೊಟ್ಟಿದ್ದಳು.

ಗುರುವಾರ ಯಜಮಾನರು ಟೈಪ್ ಮಾಡಿದ ಪಟ್ಟಿಯನ್ನು ಓದಲು ಕೂತರು. ಕೂತರು ಎಂದರೆ ಕಚೇರಿಯ ಕುರ್ಚಿಯಲ್ಲಿ, ಮುಖ ಸಿಂಡರಿಸಿಕೊಂಡು. ಸ್ಟೂಲು ಕಳೆದುಹೋದ ದುಃಖ ಇನ್ನೂ ಹಸಿಯಾಗಿತ್ತು. ಅದನ್ನು ಬಸ್ಸಿನಲ್ಲಿ ಬಿಟ್ಟೆನೆಂಬುದು ಅವರ ದೃಢ ನಂಬಿಕೆ. ಎರಡು ಸಲ ಬಸ್ ನಿಲ್ದಾಣದ ಕಳೆದ ಸಾಮಾನುಗಳ ಕೌಂಟರಿಗೆ ಹೋಗಿ ಬಂದಿದ್ದರು.

“ಏನಂದ್ರು ಸರ್?”

“ಹೇಗಿತ್ತು ಅಂತ ಕೇಳ್ತಾನೆ. ಸ್ಟೂಲು ಸ್ಟೂಲಿನ ಹಾಗೇ ಇತ್ತಪ್ಪ ಅಂದೆ. ಎಷ್ಟು ಕಾಲು ಅಂದ. ನಾಲ್ಕಿರಬೇಕು ಅಂದೆ.”

“ಇರಬೇಕು ಅಂದ್ರಾ?”

“ಬಣ್ಣ ಕೇಳಿದ. ಕಪ್ಪು ಇರಬಹುದು ಅಂದೆ. ಅವನು ಪಕ್ಕದವನ ಮುಖ ನೋಡ್ದ, ಪಕ್ಕದವನು ನನ್ನ ಮುಖ ನೋಡ್ದ. ನಿಮ್ಮ ಕೆಲಸ ಏನು ಅಂತ ಕೇಳ್ದ. ಹೇಳಲಿಲ್ಲ ನಾನು.”

ಅವಳು ನಗು ನುಂಗಿಕೊಂಡು ಕಿಟಕಿಯ ಕಡೆ ನೋಡಿದಳು. ಯಜಮಾನರು ಕೆಂಪು ಶಾಯಿಯ ಪೆನ್ನು ಹಿಡಿದು ಪುಟ ತಿರುಗಿಸಿದರು.

“ಕೆಮಿಸ್ಟ್ರಿ, ಗೋಡೆ ಗಡಿಯಾರಕ್ಕೆ ಬೆಲೆ ಕಟ್ಟು ಅಂದ್ರೆ ಕೀ ಕೊಡೋ ತೂತು ನೆಲದಿಂದ ಎಷ್ಟು ಎತ್ತರ ಅಂತ ಅಳೆದಿದ್ದೀಯಲ್ಲ. ಯಾರಿಗೆ ಬೇಕು ಅದು, ಗೋಡೆ ಮೇಲಿನ ಹಲ್ಲಿಗಾ?”

“ಗೋಡೆಗೆ ಹಾಕಿದ್ದೆಲ್ಲದರ ಜಾಗ ಗುರುತು ಮಾಡಿದ್ದೀನಿ ಸರ್. ಬೇರೆ ಮೊಳೆಯ ಗುರುತೂ ಇಲ್ಲ ಅಂತ ಬರೆದಿದ್ದೀನಿ.”

“ಗೋಡೆನೂ ಹಂಚಿಕೊಳ್ತಾರೆ ಅಂದ್ಕೊಂಡ್ಯಾ? ಇರಲಿ, ಅಳೆದಾಗಿದೆ.” ಮತ್ತೆರಡು ಪುಟ. ಪೆನ್ನು ನಿಂತಿತು. “ಅರವತ್ತನಾಲ್ಕು. ಮುಕ್ಕಾಲಿ ಪೀಠ. ಹೂಂ.” ಅವರು ವಿವರವನ್ನು ಎರಡು ಬಾರಿ ಓದಿದರು. ಮುಖದ ಗಂಟು ಸಡಿಲವಾಯಿತು. “ಕೈಕೆಲಸ. ದೀರ್ಘಕಾಲದ ಬಳಕೆಯ ತಗ್ಗು. ಇಂಥ ಸಾಮಾನು ಈಗ ಎಲ್ಲಿ ಸಿಗುತ್ತೆ? ನೀನು ಬೆಲೆ ಕಮ್ಮಿ ಹಾಕಿದ್ದೀಯ. ಚೆನ್ನಾಗಿ ನೋಡಿಕೊಂಡಿದ್ದಾನೆ ಪುಣ್ಯಾತ್ಮ. ಎರಡು ಪಟ್ಟು ಮಾಡು.”

ಬದಿಯಲ್ಲಿ ಕೆಂಪು ಶಾಯಿಯಲ್ಲಿ ಸ್ವತಃ ಬರೆದರು: ‘ಎರಡು ಪಟ್ಟು.’ ಬರೆದು, ಮೊಣಕಾಲು ತಿಕ್ಕಿಕೊಂಡು, ನಿಟ್ಟುಸಿರು ಬಿಟ್ಟರು. “ನನ್ನ ಹತ್ರನೂ ಒಂದಿತ್ತು.”

ಮೂವತ್ತು ವರ್ಷ ಅವರು ಅದರ ಮೇಲೆ ಕೂತಿದ್ದರು. ಹಾಗೆ ಕೂತಿದ್ದರಿಂದಲೇ ಅದನ್ನು ನೋಡುವ ಸಂದರ್ಭ ಬಂದಿರಲಿಲ್ಲ.

ಸಹಿ ಹಾಕುವ ದಿನ ಸೋಮವಾರವೆಂದು ಗೊತ್ತಾಯಿತು. ಭಾನುವಾರ ಸಂಜೆ ಅವಳು ಅನ್ನದ ತಟ್ಟೆಯ ಮುಂದೆ ಕೂತು ಒಂದೇ ತುತ್ತನ್ನು ಕಲಸುತ್ತ ಇದ್ದುದನ್ನು ಅಜ್ಜಿ ಗಮನಿಸಿದರು.

“ಏನೇ ಅದು, ಅಗುಳುಗಳಿಗೂ ನಂಬರು ಹಾಕ್ತಿದ್ದೀಯಾ?”

“ಹಾಕಿದ್ರೂ ಹಾಕಿದಳೇ,” ಎಂದರು ಅಮ್ಮ. “ಹೋದ ವಾರ ಇವಳ ದೊಡ್ಡಮ್ಮನ ಮನೇಲಿ ಏನು ಮಾಡಿದಳು ಗೊತ್ತಾ ಅತ್ತೆ? ಕಪ್ಪಿನ ತಳದಲ್ಲಿ ಯಾವ ಕಂಪನಿ ಅಂತ ನೋಡೋಕೆ ಹೋಗಿ ಕಾಫಿನೆಲ್ಲ ಅವಳ ಸೋಫಾದ ಮೇಲೆ ಸುರಿದ್ಲು.”

“ಸ್ವಲ್ಪ ಕಾಫಿ ಅಮ್ಮ.”

“ಅದನ್ನೂ ಅಳೆದ್ಯಾ? ಪಕ್ಕದ ಮನೆಯವರು ನಿಮ್ಮ ಮಗಳು ಏನು ಕೆಲಸ ಮಾಡ್ತಾಳೆ ಅಂತ ಕೇಳ್ತಾರೆ. ತೀರಿಹೋದೋರ ಮನೇಲಿ ಚಮಚ ಎಣಿಸ್ತಾಳೆ ಅಂತ ಹೇಳೋದಕ್ಕೆ ಬಾಯಿ ಬರಲ್ಲ. ಬ್ಯಾಂಕಿನ ತರಹದ್ದು ಅಂತೀನಿ.”

“ನನ್ನನ್ನ ಮಾತ್ರ ತಿರುಗಿಸಿ ನೋಡಬೇಡ ಕಣೇ,” ಎಂದರು ಅಜ್ಜಿ. “ತಳದಲ್ಲಿ ಏನೂ ಬರೆದಿಲ್ಲ.”

ಅವಳು ನಕ್ಕಳು, ತುತ್ತು ಬಾಯಿಗೆ ಹೋಯಿತು. ಅಮ್ಮ ಪಾತ್ರೆ ಎತ್ತುತ್ತ ಕೇಳಿದರು: “ನಾಳೆ ಅವರು ಸಹಿ ಹಾಕ್ತಾರಲ್ವಾ? ಚಿಕ್ಕಪ್ಪ ಎರಡು ಸಲ ಫೋನ್ ಮಾಡಿದ್ರು. ಕುರ್ಚಿಗೆ ದಿಂಬನ್ನೂ ಹಾಕಿಸಿದಾರಂತೆ.”

“ಹಾಕ್ತಾರೆ ಅಮ್ಮ. ತಪ್ಪೇನೂ ಇಲ್ಲ ಅದರಲ್ಲಿ.”

ಸೋಮವಾರ ಬೆಳಗ್ಗೆ ಆ ಮನೆಯ ಊಟದ ಮೇಜಿನ ಸುತ್ತ ನಾಲ್ವರು ಸೇರಿದರು. ಅಕ್ಕ ಐವತ್ತು ದಾಟಿದವರು, ಬಟ್ಟೆ ಅಂಗಡಿ ನಡೆಸುವವರು. ಯಾವುದನ್ನು ಮುಟ್ಟಿದರೂ ಹೆಬ್ಬೆರಳು ತೋರುಬೆರಳುಗಳ ನಡುವೆ ಒಮ್ಮೆ ಹೊಸಕಿ ನೋಡುವ ಅಭ್ಯಾಸ. ತಮ್ಮ ಅವರಿಗಿಂತ ಏಳು ವರ್ಷ ಚಿಕ್ಕವರು, ರೈಲಿನ ಟಿಕೆಟ್ ಪರೀಕ್ಷಕರು. ಯಾರು ಏನು ಹೇಳಿದರೂ ಮೊದಲು ಅನುಮಾನದಿಂದ ಮುಖ ನೋಡಿ ಆಮೇಲೆ ನಂಬುವವರು. ಇಬ್ಬರೂ ಕೂತಿದ್ದರು. ಯಜಮಾನರು ಮತ್ತು ಅವಳು ನಿಂತಿದ್ದರು. ಯಜಮಾನರು ಭಾರವನ್ನು ಒಂದು ಮೊಣಕಾಲಿನಿಂದ ಇನ್ನೊಂದಕ್ಕೆ ಹಾಕುತ್ತ, ಮತ್ತೆ ಮೊದಲನೆಯದಕ್ಕೆ ತರುತ್ತ ಇದ್ದರು.

ಅವಳು ಓದತೊಡಗಿದಳು. ಜಗಳವಾಗುವ ಸೂಚನೆಯೇ ಇರಲಿಲ್ಲ. ಕಷ್ಟವಿದ್ದದ್ದು ಬೇರೆ ಕಡೆ: ಇಬ್ಬರಿಗೂ ಏನೂ ಬೇಡವಾಗಿತ್ತು.

“ಈ ಮೇಜು ನೀನು ತಗೋ,” ಎಂದರು ಅಕ್ಕ.

“ನನ್ನ ಮನೇಲಿ ಮೇಜಿಟ್ರೆ ನಾವು ಹೊರಗೆ ನಿಂತು ಊಟ ಮಾಡಬೇಕಾಗುತ್ತೆ. ನೀನೇ ತಗೋ ಅಕ್ಕ.”

“ಗೋಡೆ ಗಡಿಯಾರ,” ಎಂದು ಓದಿದಳು ಅವಳು.

“ಬೇಡ,” ಎಂದರು ಇಬ್ಬರೂ ಒಟ್ಟಿಗೆ.

“ಗಂಟೆ ಹೊಡೆಯೋಕೆ ಮುಂಚೆ ಗೊರಕೆ ಹೊಡೆಯುತ್ತೆ ಅದು,” ಎಂದು ತಮ್ಮ ವಿವರಿಸಿದರು. “ಮಾರಿಬಿಡೋಣ.”

“ಕಣ್ಣು ಪರೀಕ್ಷೆಯ ಅಕ್ಷರಗಳ ಹಲಗೆ, ಒಂದು.”

ಈ ಒಂದಕ್ಕೆ ಇಬ್ಬರೂ ಸ್ವಲ್ಪ ಹಗುರಾದರು. ಅಕ್ಕ ಅದರತ್ತ ತಿರುಗದೆಯೇ ಕಡೆಯ ಸಾಲಿನ ಸಣ್ಣ ಅಕ್ಷರಗಳನ್ನು ಗಡಗಡ ಹೇಳಿದರು. ತಮ್ಮ ಅದನ್ನೇ ಹಿಂದಿನಿಂದ ಮುಂದಕ್ಕೆ ಹೇಳಿದರು. ಇಬ್ಬರಿಗೂ ಚಿಕ್ಕಂದಿನಲ್ಲೇ ಬಾಯಿಪಾಠವಾಗಿತ್ತು. ಕನ್ನಡಕದ ಅಂಗಡಿಯವರ ಮಕ್ಕಳಾಗಿಯೂ ಇಬ್ಬರಿಗೂ ಕನ್ನಡಕ ತಡವಾಗಿ ಬಂದದ್ದಕ್ಕೆ ಅದೇ ಕಾರಣವಂತೆ. ಆದರೂ ಹಲಗೆ ಯಾರಿಗೂ ಬೇಡ.

ಹೀಗೆಯೇ ಅರವತ್ತಮೂರರ ತನಕ ಬಂದರು.

“ಅರವತ್ತನಾಲ್ಕು. ಮುಕ್ಕಾಲಿ ಪೀಠ, ಗಟ್ಟಿಮರ.”

“ಯಾವುದು, ಕಪಾಟಿನ ಪಕ್ಕ ಇರೋ ಸ್ಟೂಲಾ?” ಅಕ್ಕ ಕತ್ತು ನೀಡಿದರು. “ಅದು ನನಗಿರಲಿ.”

“ಯಾಕೆ?” ಎಂದರು ತಮ್ಮ.

“ಯಾಕೆ ಅಂದ್ರೇನೋ? ಅಪ್ಪ ಬೆಳಗ್ಗೆ ಅದರ ಮೇಲೆ ಕೂತು ನನ್ನ ಸ್ಕೂಲ್ ಶೂಗೆ ಪಾಲಿಶ್ ಹಾಕ್ತಿದ್ರು. ನೀನಿನ್ನೂ ತೊಟ್ಟಿಲಲ್ಲಿದ್ದೆ.”

“ನಾನು ಅದರ ಮೇಲೆ ಹತ್ತಿ ಗಡಿಯಾರಕ್ಕೆ ಕೀ ಕೊಡ್ತಿದ್ದೆ ಅಕ್ಕ. ಪ್ರತಿ ಭಾನುವಾರ. ಎಂಟು ವರ್ಷ ನನಗೆ. ಅದು ನಂದು.”

“ಮೇಜಿಡೋಕೆ ಜಾಗ ಇಲ್ಲ ಅಂದ್ಯಲ್ಲ.”

“ಸ್ಟೂಲಿಗೆ ಎಷ್ಟು ಜಾಗ ಬೇಕು? ಬೇಕಾದ್ರೆ ಮೇಜನ್ನೂ ತಗೋತೀನಿ, ಸ್ಟೂಲು ಕೊಡು.”

“ಅಯ್ಯೋ, ಮೇಜು, ಗಡಿಯಾರ, ಮಂಚ ಎಲ್ಲ ನಿನಗೇ. ಸ್ಟೂಲು ಬಿಟ್ಟುಕೊಡಲ್ಲ.”

ಮಾತು ಏರಿತು. ಯಜಮಾನರಿಗೆ ಮೊಣಕಾಲು ಚುಳ್ ಎನ್ನುತ್ತಿತ್ತು. ಇಂಥ ಜಗಳಗಳನ್ನು ಅವರು ಬೇಕಾದಷ್ಟು ಕಂಡವರು. “ತನ್ನಿ ಇಲ್ಲಿ, ನೋಡೋಣ,” ಎಂದರು. ತಮ್ಮ ಎದ್ದು ಹೋಗಿ ಸ್ಟೂಲು ತಂದು ಅವರ ಮುಂದಿಟ್ಟರು.

ಯಜಮಾನರು ಕೂತುಬಿಟ್ಟರು.

ಯೋಚಿಸಿ ಕೂತದ್ದಲ್ಲ. ಕೈ ತಾನೇ ಕೋಟನ್ನು ಹಿಂದಕ್ಕೆ ಸರಿಸಿತು, ಮೊಣಕಾಲು ತಾನೇ ಮಡಚಿತು, ಬಲಗಾಲು ರಬ್ಬರಿದ್ದ ಕಡೆಗೆ ತಾನೇ ಸ್ವಲ್ಪ ಚಾಚಿಕೊಂಡಿತು. ಕೋಟು ಸುತ್ತಲೂ ಇಳಿಬಿತ್ತು. ಒಂದು ವಾರದಿಂದ ಸಿಂಡರಿಸಿದ್ದ ಮುಖ ಬಿಸಿನೀರಿಗೆ ಕಾಲಿಟ್ಟವರ ಮುಖದಂತೆ ಆಯಿತು. ಆಮೇಲೆ ಅವರ ಕಣ್ಣು ದೊಡ್ಡದಾಯಿತು. ತಾವು ಬೆಲೆ ಕಟ್ಟಿದ ಮನೆಯ ಸಾಮಾನಿನ ಮೇಲೆ ಮೂವತ್ತು ವರ್ಷಗಳಲ್ಲಿ ಮೊದಲ ಬಾರಿ ಕೂತಿದ್ದೇವೆ ಎಂಬುದು ಹೊಳೆಯಿತು. ಅದಾದ ಮೇಲೆ, ಹಾಗೆ ಕೂತೇ ಇಲ್ಲ, ಇದು ತಮ್ಮದೇ ಸ್ಟೂಲು ಎಂಬುದೂ ಹೊಳೆಯಿತು.

ಅವಳು ಅವರನ್ನು ನೋಡಿದಳು. ನೆಲದಿಂದ ಸ್ವಲ್ಪ ಮೇಲೆ, ಆಧಾರವಿಲ್ಲದಂತೆ ಕೂತ ಯಜಮಾನರು. ಐದು ತಿಂಗಳಿಂದ ದಿನವೂ ನೋಡಿದ ಆಕಾರ.

ಇಬ್ಬರ ಕಣ್ಣುಗಳೂ ಸಂಧಿಸಿದವು. ಯಜಮಾನರು ಸಣ್ಣಗೆ ತಲೆ ಆಡಿಸಿದರು: ಬೇಡ. ಆಮೇಲೆ ಗಂಟಲು ಸರಿಮಾಡಿಕೊಂಡು ಅಕ್ಕ ತಮ್ಮಂದಿರ ಕಡೆ ತಿರುಗಿದರು. “ಒಳ್ಳೆ ಸಾಮಾನು,” ಎಂದರು. ಧ್ವನಿ ಸ್ವಲ್ಪ ತೆಳುವಾಗಿತ್ತು. “ಯಾರಾದ್ರೂ ಒಬ್ಬರು ತಗೊಳ್ಳಿ. ಚೀಟಿ ಎತ್ತಿದ್ರೂ ಆಯ್ತು. ಬೇಗ ಸಹಿ ಹಾಕಿ, ಈ ಹುಡುಗಿಗೆ ಬುಧವಾರ ಮಂಡಳಿ ಮುಂದೆ ಹೋಗೋದಿದೆ.”

ಹಾಗೆಂದರೇ ಹೊರತು ಸ್ಟೂಲಿನಿಂದ ಏಳಲಿಲ್ಲ.

ಅವಳಿಗೆ ಅರ್ಥವಾಯಿತು. ಯಜಮಾನರು ಸ್ಟೂಲನ್ನು ಅವಳಿಗಾಗಿ ಬಿಟ್ಟುಕೊಡುತ್ತಿದ್ದರು. ಅವಳು ಬಾಯಿ ಮುಚ್ಚಿಕೊಂಡರೆ ಸಾಕು; ಇನ್ನು ಹತ್ತು ನಿಮಿಷಕ್ಕೆ ಎರಡು ಸಹಿ ಬೀಳುತ್ತವೆ, ಚಿಕ್ಕಪ್ಪನ ಕುರ್ಚಿ ದಿಂಬಿನ ಸಮೇತ ಖಾಲಿ ಉಳಿಯುತ್ತದೆ. ಇಬ್ಬರಲ್ಲಿ ಒಬ್ಬರು ಅಪ್ಪನ ಸ್ಟೂಲೆಂದು ಇದನ್ನು ಕೊನೆಯವರೆಗೂ ಜೋಪಾನವಾಗಿ ಇಟ್ಟುಕೊಳ್ಳುತ್ತಾರೆ, ಸಂತೋಷವಾಗಿಯೂ ಇರುತ್ತಾರೆ. ಯಾರಿಗೂ ನಷ್ಟವಿಲ್ಲ, ಒಂದು ಜೋಡಿ ಮೊಣಕಾಲನ್ನು ಬಿಟ್ಟು. ಆದರೆ ಕಾಲೇಜಿನ ಪ್ರಯೋಗಾಲಯದಲ್ಲಿ ಒಂದು ಬಾಟಲಿಯ ಚೀಟಿ ತಪ್ಪಾಗಿದ್ದರೆ ಅವತ್ತಿನ ಅಷ್ಟೂ ಫಲಿತಾಂಶವನ್ನು ಹೊಡೆದುಹಾಕಬೇಕಿತ್ತು. ಮೂರು ವರ್ಷ ಅದನ್ನೇ ಮಾಡಿದ ಕೈ ಈಗ ಸುಮ್ಮನಿರಲು ಒಪ್ಪಲಿಲ್ಲ.

“ಇದು ನಿಮ್ಮ ತಂದೆಯವರದಲ್ಲ,” ಎಂದಳು. “ನಮ್ಮ ಯಜಮಾನರದು. ಹೋದ ಸೋಮವಾರ ಇಲ್ಲಿ ಮರೆತು ಹೋಗಿದ್ದರು. ಗೊತ್ತಾಗದೆ ನಾನು ಪಟ್ಟಿಗೆ ಸೇರಿಸಿಬಿಟ್ಟೆ.”

ಯಜಮಾನರು ಕಣ್ಣು ಮುಚ್ಚಿಕೊಂಡರು.

ಅಕ್ಕ ನಿಧಾನವಾಗಿ ಪಟ್ಟಿಯನ್ನು ಹತ್ತಿರಕ್ಕೆ ಎಳೆದುಕೊಂಡು ಅರವತ್ತನಾಲ್ಕನೇ ಸಾಲನ್ನು ಓದಿದರು. ಕಚೇರಿಯ ಕರಡೂ ಪಕ್ಕದಲ್ಲೇ ಇತ್ತು. “ಇಲ್ಲಿ ಕೆಂಪಲ್ಲಿ ‘ಎರಡು ಪಟ್ಟು’ ಅಂತ ಬರೆದಿದೆಯಲ್ಲ. ಯಾರ ಕೈಬರಹ?”

“ನಂದು,” ಎಂದರು ಯಜಮಾನರು, ಕಣ್ಣು ತೆರೆಯದೆ.

“ನಿಮ್ಮ ಸಾಮಾನಿಗೆ ನೀವೇ ರೇಟು ಏರಿಸಿದ್ರಾ ಸರ್?” ಎಂದರು ತಮ್ಮ.

“ವಿವರಣೆ ಚೆನ್ನಾಗಿತ್ತು.”

ತಮ್ಮನ ತುಟಿ ಅಲುಗಿತು. ಅಕ್ಕನ ತುಟಿ ಅಲುಗಲಿಲ್ಲ. ಅವರು ಪುಟದ ಅಂಚನ್ನು ಬೆರಳುಗಳ ನಡುವೆ ಹೊಸಕಿದರು. “ನೋಡಮ್ಮ, ಬೇಜಾರು ಮಾಡ್ಕೋಬೇಡ. ತಮ್ಮದೇ ಸ್ಟೂಲು ಗುರುತು ಸಿಗದೋರು ನಮ್ಮಪ್ಪನ ಸಾಮಾನಿಗೆ ಬೆಲೆ ಕಟ್ಟಿದ್ದೀರಿ. ಉಳಿದಿದ್ದನ್ನ ಹೇಗೆ ನಂಬಲಿ? ಇದಕ್ಕೆ ನಾನು ಸಹಿ ಹಾಕಲ್ಲ. ಬೇರೆ ಯಾರಾದ್ರೂ ಮೊದಲಿಂದ ಮಾಡಲಿ.”

ಬೇರೆಯವರು ಮೊದಲಿಂದ ಮಾಡುವುದೆಂದರೆ ಮೂರು ವಾರ. ಅವಳ ಕಿವಿಯಲ್ಲಿ ಚಿಕ್ಕಪ್ಪನ ಫೋನು ಗಣಗಣಿಸಿದಂತಾಯಿತು.

ಆದರೆ ತಮ್ಮ ಇನ್ನೂ ಸ್ಟೂಲಿನ ಬಳಿಯೇ ಇದ್ದರು. “ಇರು ಅಕ್ಕ, ಸಹಿ ಆಮೇಲೆ. ಇವರದ್ದು ಅಂತ ಇವರು ಹೇಳಿದ್ರೆ ಆಯ್ತಾ? ನಾನು ಇದರ ಮೇಲೆ ಹತ್ತಿ ಕೀ ಕೊಟ್ಟಿದ್ದು ಸುಳ್ಳಾ? ಆ ಗಡಿಯಾರಕ್ಕೇನೇ.” ಬಾಗಿಲಿನ ಮೇಲೆ ತೂಗುತ್ತಿದ್ದ ಗಡಿಯಾರದತ್ತ ಕೈ ತೋರಿಸಿದರು.

ಅವಳು ಗಡಿಯಾರವನ್ನು ನೋಡಿದಳು, ಸ್ಟೂಲನ್ನು ನೋಡಿದಳು. ಇದಕ್ಕೆ ಉತ್ತರ ಅವಳ ಬಳಿ ಇತ್ತು.

“ನಿಮಗೆ ಎಂಟು ವರ್ಷ ಅಂದ್ರಿ. ಎತ್ತರದ ಹುಡುಗ ಆಗಿದ್ರಾ?”

“ಕ್ಲಾಸಲ್ಲಿ ಮೊದಲನೇ ಬೆಂಚು ಇವನದು,” ಎಂದರು ಅಕ್ಕ. “ಮೇಷ್ಟ್ರಿಗೆ ಕಾಣ್ತಿರಲಿಲ್ಲ ಅಂತ.”

“ಹಾಗಿದ್ರೆ ಕೈ ಪೂರ್ತಿ ಮೇಲೆತ್ತಿದ್ರೂ ಬೆರಳ ತುದಿ ಒಂದು ಮೀಟರ್ ಅರವತ್ತು ದಾಟಲ್ಲ. ಸ್ಟೂಲು ಮೂವತ್ತೆಂಟು ಸೆಂಟಿಮೀಟರ್. ಎರಡೂ ಸೇರಿದ್ರೆ ಒಂದು ಮೀಟರ್ ತೊಂಬತ್ತೆಂಟು. ಪಟ್ಟಿಯಲ್ಲಿ ಗಡಿಯಾರದ ಸಾಲು ನೋಡಿ, ಕೀ ಕೊಡೋ ತೂತಿನ ಎತ್ತರ ಬರೆದಿದ್ದೀನಿ. ನಲವತ್ತು ಸೆಂಟಿಮೀಟರ್ ಕಡಿಮೆ ಬೀಳುತ್ತೆ. ಇದರ ಮೇಲೆ ನಿಂತು ನಿಮಗೆ ಎಟುಕೋ ಹಾಗೇ ಇಲ್ಲ.”

ಟಿಕೆಟ್ ಪರೀಕ್ಷಕರು ಅವಳ ಮುಖವನ್ನು ಟಿಕೆಟ್ಟು ನೋಡುವಂತೆ ನೋಡಿದರು. “ಗಡಿಯಾರ ಆಗ ಕೆಳಗಿತ್ತೇನೋ.”

“ಇಲ್ಲ. ಆ ಗೋಡೆಯಲ್ಲಿ ಬೇರೆ ಮೊಳೆ ಹೊಡೆದ ಗುರುತಿಲ್ಲ. ಅದನ್ನೂ ಬರೆದಿದ್ದೀನಿ.”

ಅಕ್ಕ ಪಟ್ಟಿಯಲ್ಲಿ ಆ ಸಾಲು ಹುಡುಕಿ ಬೆರಳಿಟ್ಟು ಓದಿದರು. ಇತ್ತು. ಯಜಮಾನರು ಒಂದು ಕಣ್ಣು ತೆರೆದರು.

“ಹಾಗಾದ್ರೆ,” ಎಂದರು ತಮ್ಮ, ದನಿ ತಗ್ಗಿತ್ತು, “ನಾನು ಹತ್ತಿದ್ದು ಯಾವುದರ ಮೇಲೆ? ಹತ್ತಿದ್ದು ನೆನಪಿದೆ. ಕೀ ತಿರುಗಿಸಿದ್ದು, ಕಿರ್ ಕಿರ್ ಅಂದಿದ್ದು, ಎಲ್ಲ ನೆನಪಿದೆ. ಕೆಳಗೆ ಏನೋ ಅಲ್ಲಾಡ್ತಿತ್ತು. ಸ್ಟೂಲೇ ಅಂದ್ಕೊಂಡಿದ್ದೆ.”

ಗಡಿಯಾರ ಒಮ್ಮೆ ಗೊರಕೆ ಹೊಡೆದು, ಹನ್ನೊಂದು ಬಾರಿಸಿತು. ಅದು ಮುಗಿಯುವ ತನಕ ಅಕ್ಕ ಕಾದರು.

“ಅಪ್ಪನ ಹೆಗಲ ಮೇಲೆ ಕಣೋ,” ಎಂದರು. “ನಾನು ಕೆಳಗೆ ನಿಂತು ನಿನ್ನ ಚಪ್ಪಲಿ ಹಿಡ್ಕೋತಿದ್ದೆ. ಅಪ್ಪನ ಅಂಗಿ ಕೊಳೆ ಆಗುತ್ತೆ ಅಂತ ಅಮ್ಮ ಬೈತಿದ್ರು. ಅಲ್ಲಾಡ್ತಿದ್ದಿದ್ದು ಅವರು ನಗ್ತಿದ್ದಿದ್ದಕ್ಕೆ. ನೀನು ಕಾಲಲ್ಲಿ ಕಚಗುಳಿ ಇಡ್ತಿದ್ದೆಯಲ್ಲ ಕತ್ತಿಗೆ.”

ತಮ್ಮ ಕುರ್ಚಿಯಲ್ಲಿ ಕೂತರು. ಕನ್ನಡಕ ತೆಗೆದು, ಅಂಗಿಯ ತುದಿಯಿಂದ ಒರೆಸಿ, ಮತ್ತೆ ಹಾಕಿಕೊಂಡು, ಸಾಲದೆ ಮತ್ತೆ ತೆಗೆದರು. ಅಕ್ಕ ಅವರ ಕಡೆ ನೋಡದೆ ಪೆನ್ನು ಕೈಗೆತ್ತಿಕೊಂಡರು.

“ಅರವತ್ತನಾಲ್ಕು ಹೊಡೆದುಹಾಕಮ್ಮ. ಉಳಿದಿದ್ದಕ್ಕೆ ಸಹಿ ಹಾಕ್ತೀನಿ.”

“ನಂಬೋದು ಹೇಗೆ ಅಂದ್ರಲ್ಲ,” ಎಂದಳು ಅವಳು. ಅನ್ನಬಾರದಿತ್ತೋ ಏನೋ, ಬಾಯಿಗೆ ಬಂದುಬಿಟ್ಟಿತು. ಯಜಮಾನರು ಸ್ಟೂಲಿನ ಮೇಲೆ ಸಣ್ಣಗೆ ನರಳಿದರು.

“ಯಾರೂ ಕೇಳದೇ ಇದ್ದಿದ್ದನ್ನ ಅಳೆದಿದ್ದೀಯ, ಯಾರಿಗೂ ಗೊತ್ತಾಗದೇ ಹೋಗ್ತಿದ್ದ ತಪ್ಪನ್ನ ನೀನೇ ಹೇಳಿದ್ದೀಯ. ಸಾಕು ನನಗೆ. ಆದ್ರೆ ಒಂದು ಮಾತು.”

“ಹೇಳಿ ಮೇಡಂ.”

“ಅಪ್ಪ ಕೂತು ನನ್ನ ಶೂ ಪಾಲಿಶ್ ಮಾಡ್ತಿದ್ರಲ್ಲ, ಅದನ್ನ ಮಾತ್ರ ಅಳೀಬೇಡ. ಅದು ಹೇಗಿದೆಯೋ ಹಾಗಿರಲಿ.”

ಹೊಡೆದುಹಾಕಿದ ಸಾಲಿನ ಪಕ್ಕ ಎಲ್ಲರೂ ಚಿಕ್ಕ ಸಹಿ ಹಾಕಿ, ಕಾರಣ ಬರೆಯುವುದು ಪದ್ಧತಿ. ಅವಳು ಪೆನ್ನು ಹಿಡಿದು ಯೋಚಿಸಿದಳು.

“ಕಾರಣ ಅಂತ ಏನು ಬರೀಲಿ ಸರ್? ಉಪಕರಣ ದೋಷ ಅನ್ನಲಾ?”

“ಯಾವ ಉಪಕರಣ?”

“ಕಣ್ಣು ಸರ್. ಎರಡು ಜೋಡಿ.”

“ಕನ್ನಡಕದೋರ ಮನೇಲಿ ನಿಂತು ಹೇಳೋ ಮಾತಾ ಇದು?” ಎಂದರು ಯಜಮಾನರು. “ಯಜಮಾನರ ಸ್ವಂತ ಸಾಮಾನು ಅಂತ ಬರಿ. ಮಂಡಳಿಯೋರು ನಗಲಿ. ಆ ಅಧ್ಯಕ್ಷ ನಕ್ಕು ವರ್ಷಗಳಾಗಿವೆ.”

ಅಕ್ಕ ಸಹಿ ಹಾಕಿದರು. ಪೆನ್ನನ್ನು ತಮ್ಮನತ್ತ ತಳ್ಳಿದರು. ತಮ್ಮ ಹಿಡಿದುಕೊಂಡರು, ಹಾಕಲಿಲ್ಲ.

“ಗಡಿಯಾರ ಮಾರೋದು ಬೇಡ,” ಎಂದರು. “ಅದು ನನಗಿರಲಿ.”

“ಗೊರಕೆ?”

“ಹೊಡೀಲಿ ಬಿಡು.”

“ತಗೋ. ಆದ್ರೆ ಇಷ್ಟೇ ಎತ್ತರಕ್ಕೆ ಹಾಕಬೇಕು, ಕೈಗೆಟುಕೋ ಹಾಗೆ ಹಾಕಿದ್ರೆ ವಾಪಸ್ ಕಿತ್ಕೊಂಡು ಬರ್ತೀನಿ. ಕೀ ಕೊಡೋಕೆ ನಿನ್ನ ಮಗಳನ್ನ ಹೆಗಲಿಗೆ ಹತ್ತಿಸ್ಕೋ. ಬೆನ್ನು ಹಿಡ್ಕೊಂಡ್ರೆ ಮಾತ್ರ ನನಗೆ ಫೋನ್ ಮಾಡಬೇಡ.”

ತಮ್ಮ ಸಹಿ ಹಾಕಿದರು. ಹಾಕಿ, ಅವಳ ಕಡೆ ತಿರುಗಿ, ಟಿಕೆಟ್ಟಿನ ಮೇಲಿನ ತಾರೀಖು ಸರಿಯಿದೆಯೇ ಎಂದು ಕೇಳುವ ದನಿಯಲ್ಲಿ ಹೇಳಿದರು: “ಇನ್ನೊಂದ್ಸಲ ಅಳೀತೀರಾ ಮೇಡಂ? ನನ್ನ ಮುಂದೆ.”

ಅವಳು ಚೀಲದಿಂದ ಉಕ್ಕಿನ ಟೇಪು ತೆಗೆದಳು. ಹೋದ ವಾರ ನೆಲದಿಂದ ಅದನ್ನು ನೇರ ಮೇಲಕ್ಕೆ ಏರಿಸಿ ಅಳೆದಿದ್ದಳು. ಇವತ್ತು ಮೇಲಿನಿಂದಲೇ ನೋಡಿಬಿಡೋಣ ಎನ್ನಿಸಿತು. ಹತ್ತಿ ನಿಲ್ಲಲು ಸುತ್ತ ನೋಡಿದಳು. ಕುರ್ಚಿಗಳೆಲ್ಲ ಪಟ್ಟಿಯಲ್ಲಿದ್ದವು.

ಯಜಮಾನರು ಎರಡು ಕೈಯನ್ನೂ ಮೊಣಕಾಲಿಗೆ ಊರಿ ಎದ್ದರು. ಕೋಟು ಸರಿದು, ಸ್ಟೂಲು ಕಂಡಿತು. ಅವರು ಬಾಗಿ ಅದನ್ನು ಪೂರ್ತಿ ಒಂದು ಸುತ್ತು ನೋಡಿದರು. ಮನಸ್ಸಿನಲ್ಲೇ ಕಾಲುಗಳನ್ನು ಎಣಿಸಿದ್ದು ತುಟಿಯಲ್ಲಿ ಗೊತ್ತಾಗುತ್ತಿತ್ತು. ಆಮೇಲೆ ಅದನ್ನು ಬಾಗಿಲಿನ ಕೆಳಗೆ ತಂದಿಟ್ಟರು.

“ಹತ್ತು ಕೆಮಿಸ್ಟ್ರಿ. ಈಗ ಇದು ಪಟ್ಟಿಯಲ್ಲಿಲ್ಲ. ಚಪ್ಪಲಿ ಬಿಟ್ಟು ಹತ್ತು, ಬೆಲೆ ಎರಡು ಪಟ್ಟಾಗಿದೆ.”

ಅವಳು ಹತ್ತಿದಳು. ತಮ್ಮ ನೆಲದ ಮೇಲೆ ಮಂಡಿಯೂರಿ ಟೇಪಿನ ತುದಿಯನ್ನು ಕಲ್ಲಿ​ಗೆ ಒತ್ತಿ ಹಿಡಿದರು. ಅಕ್ಕ ಅವಳ ಚಪ್ಪಲಿ ಹಿಡಿದು ನಿಂತರು. ಅವಳು ಟೇಪನ್ನು ಬಿಗಿಯಾಗಿ ಎಳೆದು, ಕೀಲಿಯ ತೂತಿನ ನಡುವಿಗೆ ಹಿಡಿದು, ಓರೆಯಾಗದಂತೆ ಕಣ್ಣನ್ನು ಗೆರೆಯ ಮಟ್ಟಕ್ಕೆ ತಂದು ಓದಿದಳು. ಎರಡು ಮೀಟರ್ ಮೂವತ್ತೆಂಟು ಸೆಂಟಿಮೀಟರ್.